ಹೂಡುವವರಿಗೂ ಒಂದು ಸಂಘ

– ಪುಟ್ಟಿ, ಇದನ್ನ ಒಂಚೂರು ನೋಡು. ನಮ್ಮ ಕೆಪಿಎಚ್‌ಬಿ ಕಾಲೊನಿ ವಾಟ್ಸ್ಆ್ಯಪ್ ಗ್ರೂಪಿಗೆ ಯಾರೋ ಹಾಕಿದ್ದಾರೆ. ಹತ್ತು ಲಕ್ಷ ಕೊಟ್ಟರೆ ಹೊಸ ಕಂಪನಿಯಲ್ಲಿ ಷೇರು, ಐದು ವರ್ಷದಲ್ಲಿ ಅದು ಹತ್ತರಷ್ಟು ಅಂತೆ. ಕೆಳಗೆ ‘ಏಂಜೆಲ್ ಹೂಡಿಕೆದಾರರ ಸಂಘ’ ಅಂತ ಹೆಸರೂ ಇದೆ. ಎಚ್‌ಎಂಟಿಯಿಂದ ನಿವೃತ್ತನಾದಾಗ ಬಂದ ದುಡ್ಡು ಎಫ್‌ಡಿಯಲ್ಲಿ ಸುಮ್ಮನೆ ಕೂತಿದೆ. ನೀನೂ ಸ್ಟಾರ್ಟಪ್ ಅಂತ ಓಡಾಡ್ತಿದ್ದೀಯಲ್ಲ, ಏನು ಹೇಳ್ತೀಯ?

– ಬೇಡ ದೊಡ್ಡಪ್ಪ. ಆ ಕಂಪನಿ ಒಳ್ಳೇದೋ ಕೆಟ್ಟದ್ದೋ ನೋಡೋಕೆ ಮೊದಲೇ ಬೇಡ ಅಂತೀನಿ. ಪ್ರೈವೇಟ್ ಲಿಮಿಟೆಡ್ ಕಂಪನಿ ತನ್ನ ಷೇರನ್ನ ಹೀಗೆ ಊರಿಗೆಲ್ಲ ಸಾರಿ ಮಾರೋ ಹಾಗೇ ಇಲ್ಲ. ಕಂಪನಿ ಕಾಯ್ದೆ 2013ರ 42ನೇ ಸೆಕ್ಷನ್ ನೋಡಿ. ಯಾರಿಗೆ ಷೇರು ಕೊಡ್ತೀವಿ ಅಂತ ಮೊದಲೇ ಹೆಸರು ಗುರುತಿಸಬೇಕು. ಅವರವರ ಹೆಸರಿಗೇ ಪಿಎಎಸ್-4 ಅನ್ನೋ ಆಫರ್ ಪತ್ರ ಕಳಿಸಬೇಕು. ವರ್ಷಕ್ಕೆ 200 ಜನರನ್ನ ಮೀರಬಾರದು, ನಗದು ಮುಟ್ಟಬಾರದು. ಬಂದ ದುಡ್ಡು ಬೇರೆ ಖಾತೆಯಲ್ಲಿರಬೇಕು, 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 15 ದಿನದಲ್ಲಿ ಕಂಪನಿ ರಿಜಿಸ್ಟ್ರಾರ್‌ಗೆ ಲೆಕ್ಕ ಒಪ್ಪಿಸಬೇಕು. ಅಲ್ಲಿವರೆಗೆ ಆ ದುಡ್ಡು ಬಳಸೋ ಹಾಗಿಲ್ಲ. ಜಾಹೀರಾತಿಗಂತೂ ಅವಕಾಶವೇ ಇಲ್ಲ. ಈ ಮೆಸೇಜು ಬಂದ ರೀತಿಯೇ ಸರಿಯಿಲ್ಲ.

– ಹಾಗಾದ್ರೆ ಏಂಜೆಲ್ ಸಂಘ ಅನ್ನೋದೇ ಮೋಸವಾ?

– ಅಯ್ಯೋ, ಖಂಡಿತ ಅಲ್ಲ. ಹೊಸ ಕಂಪನಿಗೆ ಶುರುವಿನಲ್ಲೇ ಸ್ವಂತ ದುಡ್ಡು ಹಾಕೋರನ್ನ ಏಂಜೆಲ್ ಅಂತಾರೆ. ಅವರ ನಿಜವಾದ ಸಂಘಗಳು ಇವೆ, ಒಳ್ಳೆ ಕೆಲಸ ಮಾಡಿವೆ. ಇಂಡಿಯನ್ ಏಂಜೆಲ್ ನೆಟ್‌ವರ್ಕ್, ಮುಂಬೈ ಏಂಜೆಲ್ಸ್ ಎರಡೂ 2006ರಲ್ಲಿ ಶುರುವಾದವು. ನಮ್ಮ ಊರಲ್ಲೇ ಹೈದರಾಬಾದ್ ಏಂಜೆಲ್ಸ್ ಅಂತ ಇದೆ. ಒಬ್ಬೊಬ್ಬರೇ ಹಾಕಿದರೆ ಐದು ಲಕ್ಷ ಸಣ್ಣದು. ಇಪ್ಪತ್ತು ಜನ ಸೇರಿ ಹಾಕಿದರೆ ಕೋಟಿ ಆಗುತ್ತೆ. ಆ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಔಷಧಿ ಉದ್ಯಮ ಗೊತ್ತು, ಇನ್ನೊಬ್ಬರಿಗೆ ಸಾಫ್ಟ್‌ವೇರ್ ಗೊತ್ತು, ಮತ್ತೊಬ್ಬರು ಲೆಕ್ಕಪತ್ರ ಓದಬಲ್ಲರು. ಒಬ್ಬರು ಮುಂದೆ ನಿಂತು ಕಂಪನಿಯನ್ನ ಪರೀಕ್ಷೆ ಮಾಡ್ತಾರೆ, ಅವರನ್ನ ಲೀಡ್ ಅಂತಾರೆ. ಅವರು ಒಪ್ಪಿದ ಷರತ್ತಿನ ಮೇಲೆ ಉಳಿದವರೂ ಹಾಕ್ತಾರೆ.

– ಇನ್ಫೋಸಿಸ್ ಶುರುವಾದಾಗ ಸುಧಾ ಮೂರ್ತಿಯವರು ಹತ್ತು ಸಾವಿರ ಕೊಟ್ಟರಂತಲ್ಲ, 1981ರಲ್ಲಿ. ಅದೂ ಇದೇ ತಾನೇ?

– ದುಡ್ಡಿನ ಕೆಲಸ ಅದೇ. ಆದರೆ ಅದು ಮನೆಯೊಳಗಿನ ದುಡ್ಡು. ಮನೇಲಿ ಕೊಡೋರು ಇಲ್ಲದವರು ಎಲ್ಲಿಗೆ ಹೋಗಬೇಕು? ಬ್ಯಾಂಕು ಅಡಮಾನ ಕೇಳುತ್ತೆ. ದೊಡ್ಡ ವೆಂಚರ್ ಫಂಡುಗಳು ಗಿರಾಕಿ ಇದ್ದಾರಾ, ವಹಿವಾಟು ಇದೆಯಾ ಅಂತ ಕೇಳ್ತವೆ. ಎರಡೂ ಇಲ್ಲದ ಮೊದಲ ಒಂದೆರಡು ವರ್ಷ ಇರುತ್ತಲ್ಲ, ಅಷ್ಟಕ್ಕೇ ಏಂಜೆಲ್‌ಗಳು ಬೇಕಾಗೋದು. ಸ್ಕೈರೂಟ್ ನೆನಪಿದೆಯಾ? ಇಸ್ರೋದಲ್ಲಿದ್ದ ಇಬ್ಬರು 2018ರಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ಕಂಪನಿ. ರಾಕೆಟ್ ಮಾಡ್ತೀವಿ ಅಂದವರಿಗೆ ಮೊದಲು ದುಡ್ಡು ಕೊಟ್ಟವರು ಮಿಂತ್ರಾ ಸ್ಥಾಪಿಸಿದ ಮುಖೇಶ್ ಬನ್ಸಲ್. 2022ರ ನವೆಂಬರ್ 18ರಂದು ಅವರ ವಿಕ್ರಮ್-ಎಸ್ ಹಾರಿತು. ದೇಶದ ಮೊದಲ ಖಾಸಗಿ ರಾಕೆಟ್ ಅದು.

– ಅದು ಒಬ್ಬರೇ ಕೊಟ್ಟಿದ್ದು. ಸಂಘದಿಂದ ಏನಾಯ್ತು ಹೇಳು.

– ನಿಮಗೆ ಗೊತ್ತಿರೋದನ್ನೇ ಹೇಳ್ತೀನಿ. ನೀವು ತಿಪಟೂರಿಗೆ ಹೋಗೋಕೆ ಬೆಂಗಳೂರು ಬಸ್ ಹತ್ತೋದು ಎಲ್ಲಿ?

– ಇಲ್ಲೇ, ಜೆಎನ್‌ಟಿಯು ಹತ್ತಿರ. ಟಿಕೆಟ್ ನೀನೇ ಫೋನಲ್ಲಿ ಮಾಡಿಕೊಡ್ತೀಯ.

– ಮೊದಲು ಏಜೆಂಟರ ಅಂಗಡಿಗೆ ಹೋಗಿ ಕೇಳಬೇಕಿತ್ತು. ಅವರು ನಾಲ್ಕು ಕಡೆ ಫೋನು ಮಾಡಿ ಸೀಟು ಇದೆ, ಇಲ್ಲ ಅನ್ನೋರು. 2005ರ ದೀಪಾವಳಿಗೆ ಬೆಂಗಳೂರಿನಿಂದ ಈ ಕಡೆಗೆ ಬರೋಕೆ ಸೀಟು ಸಿಗದ ಒಬ್ಬ ಇಂಜಿನಿಯರು ಅದನ್ನೇ ಹಿಡಿದುಕೊಂಡು ಕೂತರು. ಫಣೀಂದ್ರ ಸಾಮ ಅಂತ. ಪಿಲಾನಿಯ ಬಿಟ್ಸ್‌ನಲ್ಲಿ ಜೊತೆಗೆ ಓದಿದ ಚರಣ್ ಪದ್ಮರಾಜು, ಸುಧಾಕರ್ ಪಸುಪುನೂರಿ ಜೊತೆ ಸೇರಿ 2006ರಲ್ಲಿ ರೆಡ್‌ಬಸ್ ಶುರು ಮಾಡಿದರು. ಅವರ ಕೈಯನ್ನ ಮೊದಲು ಹಿಡಿದಿದ್ದು ಟೈ ಸಂಸ್ಥೆಯ ಬೆಂಗಳೂರು ಶಾಖೆ. 1992ರಲ್ಲಿ ಸಿಲಿಕಾನ್ ವ್ಯಾಲಿಯಲ್ಲಿದ್ದ ನಮ್ಮ ಕಡೆಯ ಉದ್ಯಮಿಗಳು ಕಟ್ಟಿದ ಸಂಘ ಅದು. ಅಲ್ಲಿಯ ಹಿರಿಯರು ಮೊದಲು ಕೊಟ್ಟಿದ್ದು ದುಡ್ಡಲ್ಲ. ಎಷ್ಟು ಬಸ್ ಇವೆ, ಎಷ್ಟು ಸೀಟು ಖಾಲಿ ಹೋಗುತ್ತೆ, ಮಾಲೀಕರು ಏನಂತಾರೆ, ಹೋಗಿ ಕೇಳಿಕೊಂಡು ಬನ್ನಿ ಅಂತ ಬೀದಿಗೆ ಕಳಿಸಿದರು. 2007ರಲ್ಲಿ ಸೀಡ್‌ಫಂಡ್‌ನಿಂದ ಹತ್ತು ಲಕ್ಷ ಡಾಲರ್ ಬಂತು. 2013ರಲ್ಲಿ ಇಬಿಬೊ ಕಂಪನಿ ಕೊಂಡುಕೊಂಡಿತು. ಆಮೇಲೆ ಅದೇ ಫಣೀಂದ್ರ ಸಾಮ ತೆಲಂಗಾಣ ಸರ್ಕಾರದ ಮುಖ್ಯ ನಾವೀನ್ಯ ಅಧಿಕಾರಿಯೂ ಆದರು.

– ಒಳ್ಳೇ ಕಥೆ. ಆದರೆ ಗೆದ್ದವರ ಕಥೆ ಎಲ್ಲರೂ ಹೇಳ್ತಾರೆ. ಸೋತವರದ್ದು?

– ಅದರ ಲೆಕ್ಕವೂ ಇದೆ. 2007ರಲ್ಲಿ ಅಮೆರಿಕದಲ್ಲಿ ರಾಬರ್ಟ್ ವಿಲ್ಟ್‌ಬ್ಯಾಂಕ್, ವಾರೆನ್ ಬೋಕರ್ ಅನ್ನೋ ಇಬ್ಬರು ಏಂಜೆಲ್ ಗುಂಪುಗಳಲ್ಲಿದ್ದ 539 ಹೂಡಿಕೆದಾರರನ್ನ ಹಿಡಿದು, ಮುಗಿದುಹೋದ 1,137 ಹೂಡಿಕೆಗಳ ಫಲ ಏನಾಯ್ತು ಅಂತ ನೋಡಿದರು. ನೂರಕ್ಕೆ 52 ಹೂಡಿಕೆಗಳಲ್ಲಿ ಹಾಕಿದ ದುಡ್ಡೂ ಪೂರ್ತಿ ವಾಪಸ್ ಬರಲಿಲ್ಲ. ಹತ್ತರಷ್ಟಕ್ಕಿಂತ ಹೆಚ್ಚು ಬಂದಿದ್ದು ನೂರಕ್ಕೆ 7ರಲ್ಲಿ ಮಾತ್ರ. ಒಟ್ಟು ಲಾಭದ ಮುಕ್ಕಾಲು ಭಾಗ ಆ ಏಳರಿಂದಲೇ ಬಂತು. ನಿಮ್ಮ ಹತ್ತು ಲಕ್ಷ ಒಂದೇ ಕಂಪನಿಗೆ ಹೋದರೆ ಏನರ್ಥ ಅಂತ ನೀವೇ ಯೋಚನೆ ಮಾಡಿ. ಅದೇ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಹೂಡುವ ಮೊದಲು 20 ಗಂಟೆಗಿಂತ ಹೆಚ್ಚು ಕೂತು ಪರೀಕ್ಷೆ ಮಾಡಿದವರಿಗೆ ಸರಾಸರಿ 5.9 ಪಟ್ಟು ಬಂದಿದೆ, ಅದಕ್ಕಿಂತ ಕಡಿಮೆ ಮಾಡಿದವರಿಗೆ 1.1 ಪಟ್ಟು. ಸಂಘ ಬೇಕಾಗೋದು ಇಲ್ಲಿ. ಒಬ್ಬರಿಗೆ 20 ಗಂಟೆ ಸಿಗೋದು ಕಷ್ಟ, ಹತ್ತು ಜನ ಹಂಚಿಕೊಂಡರೆ ಆಗುತ್ತೆ.

– ನಾನು ಎಚ್‌ಎಂಟಿಯಲ್ಲಿದ್ದಾಗ ಕಾರ್ಮಿಕರ ಯೂನಿಯನ್ನಿನಲ್ಲಿ ಇದ್ದೆ, ನಿನಗೆ ಗೊತ್ತು. ಸಂಘ ಅಂದರೆ ನನಗೆ ಎರಡು ಕೆಲಸ. ಹೊರಗಿನವರ ಹತ್ತಿರ ನಮ್ಮ ಪರವಾಗಿ ಮಾತಾಡೋದು ಒಂದು, ನಮ್ಮವರೇ ತಪ್ಪಿದರೆ ಕೂರಿಸಿ ಕೇಳೋದು ಇನ್ನೊಂದು. ಇವರು ಎರಡೂ ಮಾಡ್ತಾರಾ?

– ಮೊದಲನೇದನ್ನ ಚೆನ್ನಾಗಿ ಮಾಡಿದ್ದಾರೆ. ಯುರೋಪಿನಲ್ಲಿ ಏಂಜೆಲ್‌ಗಳಿಗೆಂದೇ ಇಬ್ಯಾನ್ ಅನ್ನೋ ಒಕ್ಕೂಟ 1999ರಿಂದ ಇದೆ. ನಮ್ಮಲ್ಲಿ 1993ರಿಂದ ಐವಿಸಿಎ ಅನ್ನೋ ಹೂಡಿಕೆದಾರರ ಸಂಘ ಇದೆ, ಅದರಲ್ಲಿ ದೊಡ್ಡ ಫಂಡುಗಳದ್ದೇ ಹೆಚ್ಚು ಜಾಗ. ಆದರೂ ಏಂಜೆಲ್ ತೆರಿಗೆ ವಿಷಯದಲ್ಲಿ ಅವರು, ಏಂಜೆಲ್ ನೆಟ್‌ವರ್ಕಿನವರು, ಬೆಂಗಳೂರಿನ ಐಸ್ಪಿರ್ಟ್ ಅನ್ನೋ ಸಾಫ್ಟ್‌ವೇರ್ ಉದ್ಯಮದ ಚಿಂತಕರ ಕೂಟದವರು ಎಲ್ಲ ಸೇರಿ ವರ್ಷಗಟ್ಟಲೆ ಬಡಿದಾಡಿದರು.

– ಪೇಪರಲ್ಲಿ ಓದಿದ್ದೆ. ಕೊಟ್ಟವರಿಗೆ ತೆರಿಗೆ ಹಾಕ್ತಿದ್ರಾ?

– ತಗೊಂಡವರಿಗೆ! ಅದೇ ವಿಚಿತ್ರ. ಒಂದು ಲೆಕ್ಕ ಹೇಳ್ತೀನಿ. ನಮ್ಮ ಕಂಪನಿಯ ಒಂದು ಷೇರನ್ನ ಒಬ್ಬರು ಸಾವಿರ ರೂಪಾಯಿಗೆ ಕೊಂಡರು ಅನ್ನಿ. ಮುಂದೆ ಬೆಳೀತೀವಿ ಅನ್ನೋ ನಂಬಿಕೆ ಮೇಲೆ ಅಷ್ಟು ಕೊಟ್ಟರು. ಆದಾಯ ತೆರಿಗೆ ಅಧಿಕಾರಿ ಬಂದು, ಈ ಷೇರಿನ ನ್ಯಾಯವಾದ ಬೆಲೆ ಮುನ್ನೂರೇ, ಉಳಿದ ಏಳುನೂರು ನಿಮ್ಮ ಆದಾಯ, ಅದಕ್ಕೆ ತೆರಿಗೆ ಕಟ್ಟಿ ಅಂತಿದ್ದರು. ಹೆಚ್ಚು ಕಡಿಮೆ ನೂರಕ್ಕೆ ಮೂವತ್ತು. ಇನ್ನೂ ಒಂದು ಪೈಸೆ ವ್ಯಾಪಾರ ಆಗದ ಕಂಪನಿ ಬಂಡವಾಳದಲ್ಲೇ ತೆರಿಗೆ ಕಟ್ಟಬೇಕಿತ್ತು. 2012ರ ಬಜೆಟ್ಟಿನಲ್ಲಿ ಬಂದ ನಿಯಮ ಇದು, 56(2)(7ಬಿ) ಅಂತ. ಷೇರಿನ ಬೆಲೆ ಉಬ್ಬಿಸಿ ಕಪ್ಪುಹಣ ಬಿಳಿ ಮಾಡೋರನ್ನ ಹಿಡಿಯೋಕೆ ತಂದರು. ಉದ್ದೇಶ ತಪ್ಪಲ್ಲ. ಬಲೆಗೆ ಬಿದ್ದವರು ಮಾತ್ರ ಬೇರೆ. 2018ರ ಕೊನೆಯಲ್ಲಿ ಸ್ಟಾರ್ಟಪ್‌ಗಳಿಗೆ ನೋಟಿಸು ಬಂದಾಗ ಗಲಾಟೆ ಆಯ್ತು. 2019ರ ಫೆಬ್ರವರಿಯಲ್ಲಿ, ನೋಂದಾಯಿತ ಸ್ಟಾರ್ಟಪ್‌ಗಳಿಗೆ 25 ಕೋಟಿವರೆಗೆ ವಿನಾಯಿತಿ ಕೊಟ್ಟರು. 2023ರಲ್ಲಿ ವಿದೇಶಿ ಹೂಡಿಕೆಗೂ ಅದೇ ತೆರಿಗೆ ಹಬ್ಬಿಸಿದರು. ಕೊನೆಗೆ 2024ರ ಜುಲೈ 23ರ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಪೂರ್ತಿ ತೆಗೆದುಹಾಕಿದರು. ಹನ್ನೆರಡು ವರ್ಷ, ದೊಡ್ಡಪ್ಪ. ಅಷ್ಟು ವರ್ಷ ಒಂದೇ ಮಾತನ್ನ ಪಟ್ಟು ಬಿಡದೆ ಹೇಳೋಕೆ ಸಂಘವೇ ಬೇಕು. ನಮ್ಮಂಥ ಮೂರು ಜನರ ಕಂಪನಿ ದೆಹಲಿಗೆ ಹೋಗಿ ಯಾರ ಬಾಗಿಲು ತಟ್ಟೋಕಾಗುತ್ತೆ?

– ಅಲ್ಲಿ ಹೂಡುವವರ ಹಿತವೂ ಕಟ್ಟುವವರ ಹಿತವೂ ಒಂದೇ ಆಗಿತ್ತು. ಹಾಗಾಗಿ ಜೋರಾಗಿ ಮಾತಾಡಿದರು. ಎರಡೂ ಬೇರೆ ಬೇರೆ ಆದಾಗ?

– ಅಲ್ಲೇ ನನಗೂ ಬೇಜಾರು. ನಮ್ಮ ಕಂಪನಿಯ ಕೊಬ್ಬರಿ ತೇವ ಅಳೆಯೋ ಯಂತ್ರ ನೋಡಿದ್ದೀರಲ್ಲ. ಊರಲ್ಲಿ ತೆಂಗಿನಕಾಯಿಯನ್ನ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡ್ತೀವಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಉಂಡೆ ಗಡಗಡ ಅಂದರೆ ಕೊಬ್ಬರಿ ಆಯ್ತು ಅಂತ ಲೆಕ್ಕ. ಆದರೆ ತೇವ ಎಷ್ಟು ಉಳಿದಿದೆ ಅಂತ ಯಾರಿಗೂ ಗೊತ್ತಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ಖರೀದಿದಾರರು ನಾಲ್ಕು ಒಡೆದು ನೋಡಿ ಚೀಲಕ್ಕೇ ಬೆಲೆ ಕಟ್ತಾರೆ. ಬೆಂಬಲ ಬೆಲೆ ಖರೀದಿಯಲ್ಲೂ ತೇವಕ್ಕೆ ಮಿತಿ ಇದೆ. ನಮ್ಮ ಪೆಟ್ಟಿಗೆಯ ಎರಡು ಸೂಜಿ ಚುಚ್ಚಿದರೆ ಅಂಕಿ ಬರುತ್ತೆ. ರೈತ ಮನೆಯಲ್ಲೇ ನೋಡಿಕೊಂಡು ಹೋಗಬಹುದು.

– ಆ ಪೆಟ್ಟಿಗೆ ಬಾಲಾನಗರದಲ್ಲಿ ಮಾಡಿಸಿದ್ದು ನಾನು. ಸೂಜಿ ಮೊದಲು ಬಗ್ಗುತ್ತಿತ್ತು. ಉಕ್ಕನ್ನ ಹದ ಮಾಡಿಸಿ ತಂದೆವಲ್ಲ, ಆಮೇಲೆ ಸರಿಹೋಯ್ತು.

– ಹೌದು, ನೀವಿಲ್ಲದಿದ್ದರೆ ಆಗ್ತಿರಲಿಲ್ಲ. ಅದನ್ನ ತಗೊಂಡು ಕೆಪಿಎಚ್‌ಬಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಾಯಿಸಿ, ರಾಯದುರ್ಗಕ್ಕೆ ಓಡಾಡಿದೆ. ತೆಲಂಗಾಣ ಸರ್ಕಾರದ ಸ್ಟಾರ್ಟಪ್ ಕೇಂದ್ರ ಟಿ-ಹಬ್ ಇರೋದು ಅಲ್ಲಿ. 2015ರಲ್ಲಿ ಗಚ್ಚಿಬೌಲಿಯ ಐಐಐಟಿಯಲ್ಲಿ ಶುರುವಾಗಿ, 2022ರಲ್ಲಿ ಈ ದೊಡ್ಡ ಕಟ್ಟಡಕ್ಕೆ ಬಂತು. ಅಲ್ಲಿ ಎಲ್ಲ ಊರಿನ ಹೂಡಿಕೆದಾರರೂ ಸಿಗ್ತಾರೆ. ಒಂದು ಗುಂಪಿನವರು, ಅದರ ಹೆಸರು ಬೇಡ, ನಮ್ಮ ಮಾತು ಕೇಳೋಕೆ ಮೊದಲೇ ಶುಲ್ಕ ಕೇಳಿದರು. ಸದಸ್ಯರ ಮುಂದೆ ಹತ್ತು ನಿಮಿಷ ನಿಂತು ಹೇಳೋಕೆ ಐವತ್ತು ಸಾವಿರ. ಬಂಡವಾಳ ಇಲ್ಲ ಅಂತ ತಾನೇ ನಾವು ಬಂದಿರೋದು?

– ಕೊಟ್ಟೆಯಾ?

– ಇಲ್ಲ. ಅದು ಬರೀ ನಮ್ಮ ಊರಿನ ರೋಗವೂ ಅಲ್ಲ. 2009ರಲ್ಲಿ ಅಮೆರಿಕದ ಉದ್ಯಮಿ ಜೇಸನ್ ಕ್ಯಾಲಕಾನಿಸ್ ಇದರ ವಿರುದ್ಧವೇ ಎದ್ದು ನಿಂತರು. ದುಡ್ಡಿರುವವರು ದುಡ್ಡಿಲ್ಲದವರಿಂದ ಶುಲ್ಕ ತಗೊಳ್ಳೋದು ಸರಿಯಲ್ಲ ಅಂತ. ಶುಲ್ಕವೇ ಇಲ್ಲದ ಸಭೆಗಳನ್ನ ತಾವೇ ನಡೆಸಿ ತೋರಿಸಿದರು. ಸಂಘದ ಖರ್ಚು ಸದಸ್ಯರು ಕೊಡಬೇಕು. ಅದಕ್ಕೇ ಅಲ್ಲವಾ ವಾರ್ಷಿಕ ಚಂದಾ ಇರೋದು?

– ಇನ್ನೊಂದು ಗುಂಪು ಒಪ್ಪಿತ್ತು ಅಂದಿದ್ದೆಯಲ್ಲ.

– ಒಪ್ಪಿತು, ಟರ್ಮ್ ಶೀಟು, ಅಂದರೆ ಷರತ್ತುಗಳ ಪಟ್ಟಿ, ಅದನ್ನೂ ಕಳಿಸಿತು. ಕಂಪನಿಗೆ ಈಗ ನಾಲ್ಕು ಕೋಟಿ ಬೆಲೆ, ಒಂದು ಕೋಟಿ ಹಾಕ್ತೀವಿ, ನಮಗೆ ನೂರಕ್ಕೆ ಇಪ್ಪತ್ತು ಪಾಲು ಅಂತ. ಅಲ್ಲಿವರೆಗೆ ಸರಿ. ಮುಂದೆ ಒಂದು ಷರತ್ತು. ಕಂಪನಿ ಮಾರಾಟವಾದರೆ ಅವರ ಒಂದು ಕೋಟಿ ಮೊದಲು ವಾಪಸ್, ಆಮೇಲೆ ಉಳಿದಿದ್ದರಲ್ಲೂ ಇಪ್ಪತ್ತು. ಪೆನ್ನು ಹಿಡಿದು ನೋಡಿ. ಎರಡು ಕೋಟಿಗೆ ಮಾರಾಟ ಆಯ್ತು ಅನ್ನಿ. ಸಾಮಾನ್ಯ ಪದ್ಧತಿಯಲ್ಲಿ ಅವರು ಹಾಕಿದ ಒಂದು ಕೋಟಿ ತಗೋಬೇಕು, ಇಲ್ಲ ಇಪ್ಪತ್ತರ ಪಾಲು ತಗೋಬೇಕು, ಯಾವುದು ಹೆಚ್ಚೋ ಅದು. ಅವರಿಗೆ ಒಂದು ಕೋಟಿ, ನಮಗೆ ಒಂದು ಕೋಟಿ. ಈ ಷರತ್ತಿನಲ್ಲಿ ಅವರಿಗೆ ಒಂದು ಕೋಟಿ ಇಪ್ಪತ್ತು ಲಕ್ಷ, ನಮಗೆ ಎಂಬತ್ತು ಲಕ್ಷ.

– ಎರಡು ಸಲ ತಗೊಂಡ ಹಾಗಾಯ್ತು.

– ಹೂಂ. ಇಂಗ್ಲಿಷಿನಲ್ಲಿ ಅದು ಒಂದೂವರೆ ಸಾಲು, ಹನ್ನೊಂದನೇ ಪುಟದಲ್ಲಿ. ಮೊದಲ ಸಲ ಕಂಪನಿ ಕಟ್ಟೋರಿಗೆ ಅದು ಕಣ್ಣಿಗೇ ಬೀಳಲ್ಲ. ನಮ್ಮ ಲೆಕ್ಕಪರಿಶೋಧಕರು ಹೇಳಿದ್ದಕ್ಕೆ ತಿಳೀತು. ಮಾತಾಡಿ ತೆಗೆಸಿದೆವು ಅನ್ನಿ, ಆದರೆ ತಿಂಗಳುಗಟ್ಟಲೆ ಹಿಡೀತು. ಆಮೇಲೆ ಅವರಲ್ಲೇ ಅರ್ಧ ಜನಕ್ಕೆ ಮನಸ್ಸು ಬದಲಾಯ್ತು. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಫೋನು ಎತ್ತೋದು ನಿಲ್ಲಿಸಿದರು. ಇಲ್ಲ ಅಂದಿದ್ದರೆ ನಾವು ಬೇರೆ ದಾರಿ ನೋಡ್ತಿದ್ದೆವು. ಸಣ್ಣ ಕಂಪನಿ ದುಡ್ಡಿಲ್ಲದೆ ಸಾಯೋದಕ್ಕಿಂತ, ಬರುತ್ತೆ ಅಂತ ಕಾದು ಸಾಯೋದೇ ಹೆಚ್ಚು ಅಂತ ನನಗೆ ಈಗ ಅನ್ನಿಸಿದೆ.

– ಕರ್ನಾಟಕ ಸರ್ಕಾರದಿಂದ ಏನೋ ಸಿಗುತ್ತಂತಲ್ಲ, ಎಲಿವೇಟ್ ಅಂತ?

– ಸಿಗುತ್ತೆ, 50 ಲಕ್ಷದವರೆಗೆ ಅನುದಾನ, ಪಾಲೂ ಕೇಳಲ್ಲ. ಆದರೆ ಕಂಪನಿ ಕರ್ನಾಟಕದಲ್ಲಿ ನೋಂದಣಿ ಆಗಿರಬೇಕು. ನಮ್ಮದು ಇಲ್ಲಿ ಆಗಿದೆ. ಕೇಂದ್ರದ ಸೀಡ್ ಫಂಡ್ ಯೋಜನೆ 2021ರಲ್ಲಿ 945 ಕೋಟಿಯೊಂದಿಗೆ ಬಂತು. ಇನ್‌ಕ್ಯುಬೇಟರ್‌ಗಳ ಮೂಲಕ ಮಾದರಿ ತಯಾರಿಸೋಕೆ 20 ಲಕ್ಷದವರೆಗೆ ಅನುದಾನ. ಈಗ ಅದರ ಬೆನ್ನು ಹತ್ತಿದ್ದೀವಿ.

– ಸರಿ, ನನ್ನ ವಿಷಯಕ್ಕೆ ಬಾ. ಆ ವಾಟ್ಸ್ಆ್ಯಪ್‌ನವರನ್ನ ಬಿಡು. ಒಳ್ಳೇ ಸಂಘದಲ್ಲೇ ಸೇರಿ, ನಿಮ್ಮಂಥ ಹುಡುಗರಿಗೆ ಒಂದಿಷ್ಟು ಹಾಕಬೇಕು ಅಂದರೆ?

– ಸದಸ್ಯರ ದುಡ್ಡು ಕೂಡಿಸಿ ಹಾಕೋ ಏಂಜೆಲ್ ಫಂಡುಗಳಿಗೆ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಬದಲಾಗಿದೆ. ಏಂಜೆಲ್ ಫಂಡ್ ಅಂತ ಮೊದಲು 2013ರಲ್ಲಿ ನಿಯಮ ಮಾಡಿದಾಗ, ವಾಸದ ಮನೆ ಬಿಟ್ಟು ಎರಡು ಕೋಟಿ ಆಸ್ತಿ ಇರಬೇಕು, ಜೊತೆಗೆ ಉದ್ಯಮದ ಅನುಭವ ಇರಬೇಕು, ಒಬ್ಬೊಬ್ಬರೂ ಕನಿಷ್ಠ 25 ಲಕ್ಷ ಹಾಕಬೇಕು ಅಂತಿತ್ತು. 2025ರ ಸೆಪ್ಟೆಂಬರಿನಲ್ಲಿ ಅದನ್ನ ತಿದ್ದಿದರು. ಈಗ 25 ಲಕ್ಷದ ಕಟ್ಟುಪಾಡು ಇಲ್ಲ. ಫಂಡು ಒಂದು ಕಂಪನಿಗೆ 10 ಲಕ್ಷದಿಂದ 25 ಕೋಟಿವರೆಗೆ ಹಾಕಬಹುದು. ಆದರೆ ಅಕ್ರೆಡಿಟೆಡ್ ಹೂಡಿಕೆದಾರರು ಮಾತ್ರ ಸೇರಬೇಕು. ಅಂದರೆ ವರ್ಷಕ್ಕೆ ಎರಡು ಕೋಟಿ ಆದಾಯ ಇರಬೇಕು. ಇಲ್ಲ ಏಳೂವರೆ ಕೋಟಿ ಆಸ್ತಿ ಇದ್ದು ಅದರಲ್ಲಿ ಅರ್ಧ ಷೇರು, ಠೇವಣಿ ರೂಪದಲ್ಲಿರಬೇಕು. ಇಲ್ಲ ಒಂದು ಕೋಟಿ ಆದಾಯದ ಜೊತೆ ಐದು ಕೋಟಿ ಆಸ್ತಿ, ಅದರಲ್ಲೂ ಅರ್ಧ ಹಾಗೇ ಇರಬೇಕು. ಹಳೆಯ ಫಂಡುಗಳಿಗೆ ಹೊಂದಿಕೊಳ್ಳೋಕೆ ಒಂದು ವರ್ಷ ಕೊಟ್ಟರು.

– ನಾನು ಎಲ್ಲಿ ಬಂದೆ ಅದರಲ್ಲಿ! ಮೂವತ್ತು ವರ್ಷ ಮಿಲಿಂಗ್ ಯಂತ್ರದ ಮುಂದೆ ನಿಂತವನು. ಸೂಜಿ ಯಾಕೆ ಬಗ್ಗಿತು ಅಂತ ನಿನಗೆ ಹೇಳಿದವನು ನಾನು. ಏಳೂವರೆ ಕೋಟಿ ಇದ್ದವರಿಗೆ ಅದು ಗೊತ್ತಿರುತ್ತಾ?

– ನಿಮ್ಮ ಕೋಪ ನನಗೆ ಅರ್ಥ ಆಗುತ್ತೆ. ಕೈಕೆಲಸ ಗೊತ್ತಿರೋರು ಹೊರಗೆ ಉಳಿದರು ಅನ್ನೋದು ನಿಜ. ಸಣ್ಣ ಊರಿನ ಉದ್ಯಮಿಗಳೂ ಉಳಿದರು. ತಿಪಟೂರಿನ ಕೊಬ್ಬರಿ ವ್ಯಾಪಾರಿಗೆ ನಮ್ಮ ಯಂತ್ರದ ಬೆಲೆ ಮುಂಬೈಯವರಿಗಿಂತ ಚೆನ್ನಾಗಿ ಗೊತ್ತು, ಆದರೆ ಅವರಲ್ಲಿ ಎಷ್ಟು ಜನಕ್ಕೆ ಈ ಅರ್ಹತೆ ಸಿಕ್ಕೀತು? ಆದರೂ ನಿಮ್ಮ ಮಟ್ಟಿಗೆ ಸೆಬಿ ಮಾಡಿದ್ದು ಸರಿ ಅಂತೀನಿ ದೊಡ್ಡಪ್ಪ. ನೂರಕ್ಕೆ 52 ಹೂಡಿಕೆಗಳು ನಷ್ಟಕ್ಕೆ ಬೀಳೋ ಜಾಗ ಇದು. ಇಪ್ಪತ್ತು ಕಂಪನಿಗೆ ಹಂಚಿ ಹಾಕೋರು ಮಾತ್ರ ಉಳ್ಕೊಳ್ತಾರೆ. ಷೇರು ಮಾರಿ ಹೊರಗೆ ಬರೋಕೆ ಸಂತೆಯೂ ಇಲ್ಲ, ಕಂಪನಿ ಮಾರಾಟ ಆಗೋವರೆಗೂ ಕಾಯಬೇಕು. ನಿಮ್ಮದು ಆಸ್ಪತ್ರೆಗೆ ಬೇಕಾಗೋ ದುಡ್ಡು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತೆ. ಅಲ್ಲಿಡಿ.

– ನಿನ್ನ ಕಂಪನಿಗಾದರೂ?

– ನನಗಂತೂ ಬೇಡವೇ ಬೇಡ. ನಿಮ್ಮ ಅನುಭವ ಬೇಕು. ಸಲಹೆಗಾರರು ಅಂತ ನಿಮಗೆ ಒಂದಿಷ್ಟು ಷೇರು ಬರೆದುಕೊಡೋಣ ಅಂತ ನಮ್ಮ ಹುಡುಗರು ಆಗಲೇ ಮಾತಾಡಿಕೊಂಡಿದ್ದಾರೆ. ದುಡ್ಡು ಕೊಡದೆ ಪಾಲು ಪಡೆಯೋ ದಾರಿ ನಿಮ್ಮಂಥವರಿಗೆ ಸರಿಯಾದದ್ದು. ಸಂಘಗಳು ಇದನ್ನ ಯೋಚಿಸಬೇಕು. ಬಾಲಾನಗರದಲ್ಲಿ ನಿವೃತ್ತರಾದ ಟೂಲ್‌ರೂಮ್ ಮೇಸ್ತ್ರಿಗಳು, ಫೋರ್‌ಮನ್‌ಗಳು ಎಷ್ಟಿಲ್ಲ? ಕಂಪನಿ ಪರೀಕ್ಷೆ ಮಾಡೋವಾಗ ಅವರನ್ನ ಜೊತೆಗೆ ಕೂರಿಸಿಕೊಂಡರೆ ಆ 20 ಗಂಟೆಗೆ ಎಷ್ಟು ಬೆಲೆ ಬರುತ್ತೆ!

– ಕರೆದರೆ ಬರ್ತಾರೆ. ದುಡ್ಡೂ ಕೇಳಲ್ಲ. ಅದಿರಲಿ, ಸಂಘದವರಿಗೆ ಏನು ಹೇಳಬೇಕು ಅಂತ ನಿನ್ನ ಮನಸ್ಸಿನಲ್ಲಿದೆ? ಯೂನಿಯನ್ನಿನಲ್ಲಿ ನಾವು ಬರೆದೇ ಕೊಡ್ತಿದ್ದೆವು. ಬಾಯಿಮಾತು ಗಾಳಿಗೆ ಹೋಗುತ್ತೆ.

– ಬರೀತೀನಿ ದೊಡ್ಡಪ್ಪ, ಹೀಗೆ: ಸಂಘದವರೇ, ಹನ್ನೆರಡು ವರ್ಷ ಸರ್ಕಾರದ ಮುಂದೆ ನಮ್ಮ ಪರವಾಗಿ ನಿಂತಿದ್ದೀರಿ, ಅದಕ್ಕೆ ಕೃತಜ್ಞತೆ ಇದೆ. ಈಗ ನಿಮ್ಮ ಸದಸ್ಯರನ್ನೂ ಒಮ್ಮೆ ಕೂರಿಸಿ ಮಾತಾಡಿ. ಕಂಪನಿ ಕಟ್ಟೋರ ಹತ್ತಿರ ಮಾತು ಕೇಳೋಕೆ ಶುಲ್ಕ ತಗೋಬೇಡಿ. ಎರಡು ಸಲ ತಗೊಳ್ಳೋ ಷರತ್ತನ್ನ ನಿಮ್ಮ ಮಾದರಿ ಟರ್ಮ್ ಶೀಟಿನಿಂದ ತೆಗೆದುಹಾಕಿ, ಆ ಮಾದರಿಯನ್ನ ಕನ್ನಡ, ತೆಲುಗಿನಲ್ಲೂ ಎಲ್ಲರಿಗೂ ಸಿಗೋ ಹಾಗೆ ಇಡಿ. ದುಡ್ಡು ಕೊಡಲ್ಲ ಅಂದರೆ ಒಂದು ತಿಂಗಳೊಳಗೆ ಕಾರಣ ಬರೆದು ಇಲ್ಲ ಅನ್ನಿ.